ಡಬ್ಬಿಯ ಹಿಂದಿನ ಎರಡು ಪದ

ಕಾತ್ರಜದ ಹಳೆಯ ಘಾಟಿನ ಒಂದು ತಿರುವಿನಲ್ಲಿ ಬೈಕು ಕೂಗತೊಡಗಿತು. ಆಕ್ಸಿಲರೇಟರ್ ತಿರುವಿದರೆ ಇಂಜಿನ್ನಿನ ಸದ್ದು ಏರುತ್ತಿತ್ತು, ಗಾಡಿ ಮಾತ್ರ ಏರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ 68ರ ಅಪ್ಪ. ಅವರ ಹಿಂದೆ ಹಾರ್ನಿನ ಮೇಲಿಂದ ಕೈ ತೆಗೆಯದ ಒಂದು ಲಾರಿ. "ಅಪ್ಪಾ, ಇಳೀರಿ" ಎಂದೆ. ಅವರು ಇಳಿದು ರಸ್ತೆಯ ಪಕ್ಕಕ್ಕೆ ಸರಿಯುವಷ್ಟರಲ್ಲಿ ಲಾರಿ ನಮ್ಮನ್ನು ಸವರಿಕೊಂಡೇ ಹೋಯಿತು. ನನ್ನ ಕಾಲು ನಡುಗುತ್ತಿತ್ತು. ಅಪ್ಪ ಗಾಡಿಯ ಹತ್ತಿರ ಬಂದು ಮೂಸಿದರು. "ಏನ್ ಹಾಕಿದ್ದಿಯವಾ ಇದಕ್ಕ?"

ಹಾಕಿದ್ದು ಎಣ್ಣೆ. ಒಳ್ಳೆಯದೇ, ದುಬಾರಿಯದೇ. ಅಣ್ಣನ ಕಾರಿಗೆಂದು ತಂದು ಉಳಿದಿದ್ದ ಫುಲ್ ಸಿಂಥೆಟಿಕ್, 5ಡಬ್ಲ್ಯೂ-30. ಡಬ್ಬಿಯಲ್ಲಿ ಒಂದು ಲೀಟರಿಗಿಂತ ಹೆಚ್ಚೇ ಇತ್ತು. ನನ್ನ 150 ಸಿಸಿ ಬೈಕಿಗೆ ಅಷ್ಟು ಸಾಕು. ಫ್ರೀಲಾನ್ಸ್ ಬದುಕಿನಲ್ಲಿ ಬಿಲ್ಲು ಪಾಸಾಗದ ತಿಂಗಳುಗಳಿರುತ್ತವಲ್ಲ, ಅಂಥದ್ದೊಂದು ತಿಂಗಳು ಅದು. ಕಾರಿಗೇ ಆಗುವ ಎಣ್ಣೆ ಬೈಕಿಗೆ ಆಗದೆ ಇರುತ್ತದೆಯೇ ಎಂದು ನಾನೇ ಬೋಲ್ಟು ಬಿಚ್ಚಿ, ಹಳೆಯದನ್ನು ಇಳಿಸಿ, ಇದನ್ನು ಸುರಿದಿದ್ದೆ.

ಗಾಡಿ ಮೂಲತಃ ಅಪ್ಪನದು. ಧಾರವಾಡದಲ್ಲಿ ಹೈಸ್ಕೂಲು ಮಾಸ್ತರರಾಗಿದ್ದಾಗ ಕೊಂಡದ್ದು. ನಾನು ಭಾಷಾಶಾಸ್ತ್ರ ಓದಲು ಪುಣೆಗೆ ಬಂದು, ಓದು ಮುಗಿದರೂ ಇಲ್ಲೇ ಉಳಿದೆ ಎಂದು ಖಾತ್ರಿಯಾದ ಮೇಲೆ ರೈಲಿನಲ್ಲಿ ಹೇರಿ ಕಳಿಸಿಕೊಟ್ಟರು. ಅದರ ಜೊತೆಗೆ ಅವರ ಕೆಲವು ನಂಬಿಕೆಗಳೂ ಬಂದವು. ಎಣ್ಣೆ ಗಟ್ಟಿ ಇದ್ದಷ್ಟೂ ಇಂಜಿನ್ನಿಗೆ ಒಳ್ಳೆಯದು ಎನ್ನುವುದು ಒಂದು. ಆಯುಧ ಪೂಜೆಯ ದಿನ ಗಾಡಿಗೆ ಪ್ರೀಮಿಯಂ ಪೆಟ್ರೋಲು ಹಾಕಿಸಬೇಕು ಎನ್ನುವುದು ಇನ್ನೊಂದು. "ಇವತ್ತ ಅದಕ್ಕ ಹೋಳಿಗಿ ಊಟ" ಎನ್ನುತ್ತಿದ್ದರು. ನಾನೂ ಬಹಳ ವರ್ಷ ಹಾಕಿಸಿದೆ. ಗಾಡಿ ಆ ದಿನ ಹಗುರವಾಗಿ ಓಡಿದಂತೆ ಅನಿಸುತ್ತಿತ್ತು.

ಅನಿಸಿಕೆಯಷ್ಟೇ. ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಕಸುವನ್ನು ಹೇಳುವುದಿಲ್ಲ, ತಾಳ್ಮೆಯನ್ನು ಹೇಳುತ್ತದೆ. ಪಿಸ್ಟನ್ ಮೇಲೆ ಬಂದು ಒತ್ತಿದಾಗ, ಪ್ಲಗ್ಗಿನ ಕಿಡಿಗೆ ಕಾಯದೆ ತಾನಾಗಿಯೇ ಹೊತ್ತಿಕೊಂಡರೆ ಇಂಜಿನ್ನು ಟಕಟಕ ಬಡಿದುಕೊಳ್ಳುತ್ತದೆ. ಹಾಗೆ ಹೊತ್ತದೆ ತಡೆದುಕೊಳ್ಳುವ ಗುಣಕ್ಕೆ ಕೊಟ್ಟ ಅಂಕ ಅದು. 1920ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಎರಡು ದ್ರವಗಳನ್ನು ಅಳತೆಗೋಲು ಮಾಡಿದರು: ಚೆನ್ನಾಗಿ ತಡೆದುಕೊಳ್ಳುವ ಐಸೋಆಕ್ಟೇನಿಗೆ 100, ಒಂಚೂರೂ ತಡೆಯದ ಹೆಪ್ಟೇನಿಗೆ 0. 91 ಎಂದರೆ, ಈ ಎರಡನ್ನೂ 91ಕ್ಕೆ 9ರಂತೆ ಬೆರೆಸಿದರೆ ಎಷ್ಟು ತಾಳ್ಮೆಯೋ ಅಷ್ಟು. ಹೆಚ್ಚು ಒತ್ತುವ ಇಂಜಿನ್ನಿಗೆ 95 ಬೇಕು, 100 ಕೂಡ ಬೇಕಾಗಬಹುದು. 91 ಸಾಕು ಎಂದು ಪುಸ್ತಕದಲ್ಲಿ ಬರೆದಿರುವ ಅಪ್ಪನ ಗಾಡಿಗೆ ಅದು ತೀರಾ ಕಿವುಡರ ಮುಂದೆ ಕಿನ್ನರಿ.

ಈ ಅಂಕಿಯಲ್ಲಿ ಅನುವಾದಕರಿಗೆ ಒಂದು ಗುಂಡಿಯೂ ಇದೆ. ಅಮೆರಿಕದ ಪಂಪುಗಳಲ್ಲಿ ಬರೆಯುವುದು ಎರಡು ಬಗೆಯ ಪರೀಕ್ಷೆಗಳ ಸರಾಸರಿ. ಅಲ್ಲಿಯ 87 ಹೆಚ್ಚುಕಡಿಮೆ ಇಲ್ಲಿಯ 91. ಅಲ್ಲಿ 91 ಎಂದರೆ ಪ್ರೀಮಿಯಂ. ಅಲ್ಲಿಯ ಕೈಪಿಡಿಯ ಅಂಕಿಯನ್ನು ಹಾಗೇ ಇಳಿಸಿದರೆ ಓದುಗನ ಜೇಬಿಗೋ ಇಂಜಿನ್ನಿಗೋ ಪೆಟ್ಟು. ಈಗಂತೂ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರಷ್ಟು ಎಥನಾಲ್. ಅದರ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು, ಲೀಟರಿಗೆ ಸಿಗುವ ಶಾಖ ಮಾತ್ರ ಮೂರರಲ್ಲೊಂದು ಪಾಲು ಕಡಿಮೆ. ತಾಳ್ಮೆ ಬೇರೆ, ಕಸುವು ಬೇರೆ ಎನ್ನುವುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ಸಿಗದು. ಬೆಳಗಾವಿಯ ದಾರಿಯುದ್ದಕ್ಕೂ ಕಾಣುವ ಕಬ್ಬು ಕೊನೆಗೆ ಟ್ಯಾಂಕಿಗೂ ಬಂತು ಎಂದು ಅಪ್ಪನಿಗೆ ಹೇಳಿದರೆ, "ಹಂಗಾರ ದಿನಾ ಹೋಳಿಗಿನ" ಎಂದರು.

ಪೆಟ್ರೋಲಿನಲ್ಲಿ ತಪ್ಪಿದರೆ ಹೋಗುವುದು ಬಹುಪಾಲು ದುಡ್ಡು. ಎಣ್ಣೆಯ ಕತೆ ಹಾಗಲ್ಲ.

ಧನಕವಡಿಯ ಗ್ಯಾರೇಜಿನ ಕಾಕಾ ಡಿಪ್‌ಸ್ಟಿಕ್ಕಿನ ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಎಲ್ಲಿಯದು ಎಂದು ಕೇಳಿದರು. ಹೇಳಿದೆ. "ತಾಯಿ," ಎಂದರು. (ಮರಾಠಿಯಲ್ಲಿ ಅಕ್ಕ. ಪುಣೆಗೆ ಬಂದ ಹೊಸತರಲ್ಲಿ ಇಪ್ಪತ್ತೆರಡರ ನನ್ನನ್ನು ಎಲ್ಲರೂ ತಾಯಿ ಎಂದಾಗ ಬೇಜಾರಾಗಿತ್ತು.) ಕಾರಿನಲ್ಲಿ ಇಂಜಿನ್ನಿನ ಎಣ್ಣೆ ಇಂಜಿನ್ನಿಗಷ್ಟೇ, ನಿಮ್ಮ ಬೈಕಿನಲ್ಲಿ ಕ್ಲಚ್ ಪ್ಲೇಟೂ ಗೇರೂ ಅದೇ ಎಣ್ಣೆಯಲ್ಲಿ ಸ್ನಾನ ಮಾಡುತ್ತವೆ ಎಂದು ಮರಾಠಿಯಲ್ಲಿ ವಿವರಿಸಿದರು. ಕಾರಿನ ಹೊಸ ಎಣ್ಣೆಗಳಲ್ಲಿ ಹಲವಕ್ಕೆ ಮೈಲೇಜಿಗೆಂದು ಘರ್ಷಣೆ ಇಳಿಸುವ ರಾಸಾಯನಿಕ ಬೆರೆಸಿರುತ್ತಾರೆ. ಕ್ಲಚ್ ಬದುಕಿರುವುದೇ ಘರ್ಷಣೆಯಿಂದ. ಪ್ಲೇಟು ಹೊಸದಿದ್ದರೆ ತಡೆದುಕೊಳ್ಳುತ್ತಿತ್ತೋ ಏನೋ. ನನ್ನದು ಸವೆದಿತ್ತು. ಚಪ್ಪಟೆ ರಸ್ತೆಯಲ್ಲಿ ಸುಮ್ಮನಿದ್ದದ್ದು ಇಬ್ಬರ ಭಾರ ಹೊತ್ತು ಘಾಟು ಹತ್ತುವಾಗ ಜಾರಿತು.

ಜಪಾನಿನವರು 1998ರಲ್ಲಿ ಇದಕ್ಕೆಂದೇ ಜಾಸೋ ಎಂಬ ಮಾನಕ ತಂದರು. ಡಬ್ಬಿಯ ಮೇಲೆ ಎಂಎ ಅಥವಾ ಎಂಎ2 ಎಂದಿದ್ದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಆಗುತ್ತದೆ. ಎಂಬಿ ಎಂದಿದ್ದರೆ ಸ್ಕೂಟರಿಗೆ, ಅದರ ಕ್ಲಚ್ಚು ಒಣಗಿಯೇ ಇರುತ್ತದೆ. 10ಡಬ್ಲ್ಯೂ-30ರಲ್ಲಿರುವ ಡಬ್ಲ್ಯೂ ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಮೊದಲ ಅಂಕಿ ತಣ್ಣಗಿದ್ದಾಗ ಎಣ್ಣೆ ಹೇಗೆ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂಬ ಅಪ್ಪನ ಮಾತಿಗೆ ಇಲ್ಲಿ ಜಾಗವಿಲ್ಲ. 10ಡಬ್ಲ್ಯೂ-30 ಕೇಳಿದ ಇಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಬೆಳಗಿನ ಚಳಿಯಲ್ಲಿ ಅದು ಮೇಲಿನ ಭಾಗ ತಲುಪುವುದೇ ತಡ.

ಇಷ್ಟೆಲ್ಲ ಕೇಳಿಸಿಕೊಳ್ಳುವಾಗ ನನ್ನ ಹೊಟ್ಟೆಯಲ್ಲಿ ಬೇರೇನೋ ತೊಳಸುತ್ತಿತ್ತು. ಎರಡೇ ವಾರದ ಹಿಂದೆ ಒಂದು ದ್ವಿಚಕ್ರ ವಾಹನದ ಕೈಪಿಡಿಯನ್ನು ಕನ್ನಡಕ್ಕೆ ಮಾಡಿ ಕಳಿಸಿದ್ದೆ. ಮನೆಗೆ ಬಂದವಳೇ ಕಡತ ತೆರೆದೆ. ಅಲ್ಲೇ ಇತ್ತು: "ಸಂಪನ್ಮೂಲ ಸಂರಕ್ಷಕ ಎಂದು ಗುರುತಿಸಲಾದ ತೈಲಗಳನ್ನು ಬಳಸಬೇಡಿ." ಅಡುಗೆಮನೆಯ ಮೂಲೆಯಲ್ಲಿದ್ದ ಖಾಲಿ ಡಬ್ಬಿಯನ್ನು ತಿರುಗಿಸಿದೆ. ಹಿಂಬದಿಯ ದುಂಡು ಮುದ್ರೆಯ ಕೆಳಗಂಚಿನಲ್ಲಿ, ಇಂಗ್ಲಿಷಿನಲ್ಲಿ, ಎರಡು ಪದ: ರಿಸೋರ್ಸ್ ಕನ್ಸರ್ವಿಂಗ್.

ಎಚ್ಚರಿಕೆಯನ್ನು ಅನುವಾದಿಸಿದವಳೇ ನಾನು, ನನಗೇ ಅದು ತಾಕಿರಲಿಲ್ಲ. ವ್ಯಾಕರಣದಲ್ಲಿ ತಪ್ಪಿಲ್ಲ, ಅರ್ಥದಲ್ಲೂ ತಪ್ಪಿಲ್ಲ. ಆದರೆ "ಸಂಪನ್ಮೂಲ ಸಂರಕ್ಷಕ" ಎಂದು ಬರೆದ ಡಬ್ಬಿ ಯಾವ ಅಂಗಡಿಯಲ್ಲೂ ಇಲ್ಲ. ಹಾವೇರಿಯಲ್ಲೋ ಸಿಂಧನೂರಿನಲ್ಲೋ ಆ ಸಾಲು ಓದಿದವನು ಡಬ್ಬಿ ಹಿಡಿದು ಹುಡುಕಬೇಕಾದದ್ದು ಆ ಎರಡು ಇಂಗ್ಲಿಷ್ ಪದಗಳನ್ನು. ನಾನು ಅವನ್ನೇ ಅಳಿಸಿದ್ದೆ. ಅದೇ ಕೈಪಿಡಿಯಲ್ಲಿ ಲೂಬ್ರಿಕೆಂಟ್ ಬಿಟ್ಟು ಕೀಲೆಣ್ಣೆ ಬಳಸಿದ್ದಕ್ಕೆ ಹಿಗ್ಗಿದ್ದೆ ಬೇರೆ. ಆ ಪದದ ಬಗ್ಗೆ ಈಗಲೂ ಹಿಗ್ಗಿದೆ, ಅದನ್ನು ಬಿಟ್ಟುಕೊಡಲಾರೆ. ಮುದ್ರೆಯ ಮೇಲಿನ ಪದ ಬೇರೆ ಜಾತಿಯದು. ಅದನ್ನು ಊರಿನ ಬೋರ್ಡಿನಂತೆ ಇದ್ದ ಹಾಗೇ ಬಿಡಬೇಕಿತ್ತು.

ಏಜೆನ್ಸಿಗೆ ಬರೆಯಲು ಎರಡು ದಿನ ಹಿಡಿಯಿತು. ತಪ್ಪು ನನ್ನದು ಎಂದು ಬರೆದರೆ ಮುಂದಿನ ಕೆಲಸ ಬರುತ್ತದೋ ಇಲ್ಲವೋ ಎಂಬ ಲೆಕ್ಕ. ಬರೆದೆ. ಆ ಸಾಲಿಗೆ ಬದಲಿ ಸಾಲನ್ನೂ ಕಳಿಸಿದೆ: ಡಬ್ಬಿಯ ಹಿಂದಿನ ದುಂಡು ಮುದ್ರೆಯಲ್ಲಿ ಈ ಇಂಗ್ಲಿಷ್ ಪದಗಳಿದ್ದರೆ ಆ ಎಣ್ಣೆ ಬೇಡ. ಮುದ್ರಣಕ್ಕೆ ಹೋಗಿದೆ, ಮರುಮುದ್ರಣದಲ್ಲಿ ನೋಡೋಣ ಎಂದು ಉತ್ತರ ಬಂತು. ಅದಾದ ಮೇಲೆ ಅವರಿಂದ ಒಂದೇ ಒಂದು ಕೆಲಸ ಬಂದಿದೆ, ಅದೂ ಮಿಕ್ಸರಿನದು.

ಪ್ಲೇಟು ಬದಲಾಯಿತು. ಧಾರವಾಡಕ್ಕೆ ಹೊರಡುವ ದಿನ ಅಪ್ಪ ಗಾಡಿಯ ಸೈಡ್ ಪ್ಯಾನೆಲ್ ಬಿಚ್ಚಿ ಒಳಗೆ ಏನೋ ಅಂಟಿಸುತ್ತಿದ್ದರು. ಬಸ್ಸು ಹತ್ತಿಸಿ ಬಂದು ನೋಡಿದೆ. ಬಿಳಿ ಪಟ್ಟಿಯ ಮೇಲೆ, ಬೋರ್ಡಿನ ಮೇಲೆ ಬರೆಯುವಂಥ ಅವರ ಗುಂಡು ಅಕ್ಷರದಲ್ಲಿ "10-30, ಎಂಎ". ಅದರ ಕೆಳಗೆ ಸಣ್ಣಗೆ, "ಡಬ್ಬಿ ಹಿಂದ ನೋಡು".