ಬಿಟ್ಟಿ ಯಾರದು?

ನಾವು ಬಿಟ್ಟಿ ಅಕ್ಕಿ ತಿನ್ನುವವರು. ಇದು ನಮಗೆ ನಾವೇ ಇಟ್ಟುಕೊಂಡ ಹೆಸರಲ್ಲ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬಕ್ಕೆ ಸೇರಿರುವ ನಮ್ಮ ಆಲಂಕಾರಿನ ಪೇಟೆಯಲ್ಲಿ, ಬಸ್ಸು ಕಾಯುವಲ್ಲಿ, ಹೋಟ್ಲಿನ ಬೆಂಚಿನಲ್ಲಿ, ಅಡಿಕೆ ಅಂಗಡಿಯ ಜಗಲಿಯಲ್ಲಿ ಈ ಹೆಸರು ದಿನಕ್ಕೆ ನಾಲ್ಕು ಸಲ ನಮ್ಮ ಕಿವಿಗೆ ಬೀಳುತ್ತದೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ಶುರುವಾದ ಮಾತು ಇದು. 2023ರಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದಾದ ಮೇಲೆ ಇನ್ನೂ ಜೋರಾಯಿತು.

"ಎಂತ ಮಾರಾಯ, ಕೂತಲ್ಲಿಗೇ ಅಕ್ಕಿ ಬಂದರೆ ತೋಟಕ್ಕೆ ಯಾರು ಬರ್ತಾರೆ? ಅಡಿಕೆ ಕೊಯ್ಲಿಕ್ಕೆ ಜನ ಉಂಟಾ ಈಗ?"

ತೋಟದ ಧಣಿ ಇದನ್ನು ಹೇಳಿದರೆ ನಮಗೆ ಆಶ್ಚರ್ಯವಿಲ್ಲ. ಅವರಿಗೆ ಆಳು ಬೇಕು, ಅಗ್ಗಕ್ಕೆ ಬೇಕು. ಆದರೆ ನಮ್ಮದೇ ಕಾಲೊನಿಯಲ್ಲಿ ಹುಟ್ಟಿ, ಡಿಗ್ರಿ ಓದಿದ ಹುಡುಗನೂ ಅದನ್ನೇ ಹೇಳತೊಡಗಿದ್ದಾನೆ. "ರೇಷನ್ ಸಾಲಿನಲ್ಲಿ ಅಮ್ಮ ನಿಲ್ಲುವುದು ನೋಡಿದ್ರೆ ನಾಚಿಕೆಯಾಗ್ತದೆ" ಅನ್ನುತ್ತಾನೆ. ಧಣಿಯ ಮಾತಿಗೆ ಉತ್ತರ ಕೊಡದೆಯೂ ಇರಬಹುದು. ಈ ಹುಡುಗನ ನಾಚಿಕೆಗೆ ಉತ್ತರ ಕೊಡದಿದ್ದರೆ ನಮ್ಮ ಸಂಘಟನೆ, ನಮ್ಮ ಭಾಷಣ, ನಮ್ಮ ಪತ್ರಿಕೆ ಯಾವುದಕ್ಕೂ ಅರ್ಥವಿಲ್ಲ. ಇದನ್ನು ಬರೆಯುತ್ತಿರುವುದು ಅವನಿಗಾಗಿ.

ನೆಲ್ಯಾಡಿ, ಕಡಬದ ಕಡೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಹೊರದೇಶಕ್ಕೆ ಹೋಗಿದ್ದಾರೆ. ಹಾಗೆ ಇಂಗ್ಲೆಂಡಿಗೆ ಹೋದವಳೊಬ್ಬಳ ನೆಂಟರು ಒಂದು ದಿನ ಹೋಟ್ಲಿನಲ್ಲಿ ಚಾ ಕುಡಿಯುತ್ತ ಹೇಳಿದರು: "ಅಲ್ಲಿಯೂ ಇದೇ ಕಥೆಯಂತೆ. ದುಡಿಯುವವರು ಟ್ಯಾಕ್ಸು ಕಟ್ಟುವುದು, ಕೂತವರು ತಿನ್ನುವುದು." ಬೆಂಚಿನ ಮೇಲಿದ್ದವರೆಲ್ಲ ತಲೆಯಾಡಿಸಿದರು. ಬಿಳಿಯರ ದೇಶದಲ್ಲೂ ಹಾಗೇ ಅಂದ ಮೇಲೆ ಅದು ಸತ್ಯವೇ ಇರಬೇಕಲ್ಲ!

ಸರಿ, ಬಿಳಿಯರ ದೇಶದ ಲೆಕ್ಕವನ್ನೇ ಮೊದಲು ನೋಡೋಣ.

1834ರಲ್ಲಿ ಇಂಗ್ಲೆಂಡಿನ ಸರಕಾರ ಬಡವರಿಗಾಗಿ ಹೊಸ ಕಾಯಿದೆ ಮಾಡಿತು. ಹೊಟ್ಟೆಗಿಲ್ಲದವನು ವರ್ಕ್‌ಹೌಸ್ ಎಂಬ ದುಡಿಮೆ ಮನೆಗೆ ಸೇರಬೇಕು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಆ ಕಾಯಿದೆಯ ತಿರುಳು ಇಷ್ಟೇ: ಹೊರಗೆ ದುಡಿಯುವ ಅತಿ ಬಡ ಕೂಲಿಯ ಬಾಳಿಗಿಂತ ಒಳಗಿರುವವನ ಬಾಳು ಕಷ್ಟದ್ದಾಗಿರಬೇಕು. ಇಲ್ಲವಾದರೆ ಯಾರೂ ಕೂಲಿಗೆ ಬರುವುದಿಲ್ಲ! ಆಲಂಕಾರಿನ ಬೆಂಚಿನ ಮಾತು ಎಷ್ಟು ಹಳೆಯದು ನೋಡಿ.

ಅದೇ ಬುದ್ಧಿ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ದಕ್ಷಿಣ ಕನ್ನಡವೂ ಸೇರಿದ್ದ ಮದರಾಸು ಪ್ರಾಂತದ ಒಳನಾಡಿನಲ್ಲಿ 1876ರಿಂದ 78ರವರೆಗೆ ಘೋರ ಬರ. ವೈಸರಾಯ್ ಲಿಟ್ಟನ್ ಅಲ್ಲಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳಿಸಿದ. 1874ರಲ್ಲಿ ಬಿಹಾರದ ಬರದಲ್ಲಿ ಇದೇ ಟೆಂಪಲ್ ಹೊರಗಿನಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ, ಖರ್ಚು ಹೆಚ್ಚಾಯಿತೆಂದು ಬೈಸಿಕೊಂಡಿದ್ದ. ಈ ಸಲ ಅವನು ಕೈ ಬಿಗಿ ಮಾಡಿದ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ, ಒಂದು ಆಣೆ. ಪೌಂಡೆಂದರೆ 450 ಗ್ರಾಂ. ಹೆಂಗಸಿಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಹೆಚ್ಚು ಕೊಟ್ಟರೆ ಜನ ಸರಕಾರದ ಅನ್ನಕ್ಕೆ ಒಗ್ಗಿಹೋಗುತ್ತಾರೆ ಎಂಬುದು ಕಾರಣ. ಇದರಿಂದ ದುಡಿಯುವವನ ಜೀವ ಉಳಿಯದು ಎಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. ಕೂಲಿ ಏರಿಸುವ ಹೊತ್ತಿಗೆ ಎಷ್ಟೋ ಜನ ಮಣ್ಣಾಗಿದ್ದರು.

ಆದರೆ ಆ ದೇಶದಲ್ಲಿ ಬೇರೆ ಮಾತನ್ನು ಆಡಿದವರೂ ಇದ್ದರು. ಕೂಲಿಕಾರರು ಸಂಘ ಕಟ್ಟಿದರು, ಪಕ್ಷ ಕಟ್ಟಿದರು. 1909ರ ಜನವರಿ 1ರಿಂದ 70 ದಾಟಿದ ಬಡ ಮುದುಕರಿಗೆ ವಾರಕ್ಕೆ 5 ಷಿಲಿಂಗಿನವರೆಗೆ ಪೆನ್ಶನ್ ಬಂತು. 1942ರಲ್ಲಿ, ಯುದ್ಧದ ನಡುವೆಯೇ, ಬೆವರಿಜ್ ವರದಿ ಬಂತು. 1948ರ ಜುಲೈ 5ರಂದು ಎಲ್ಲರಿಗೂ ದುಡ್ಡು ಕೇಳದೆ ಔಷಧಿ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದನ್ನು ತಂದ ಮಂತ್ರಿ ಅನ್ಯುರಿನ್ ಬೆವನ್ ವೇಲ್ಸಿನ ಕಲ್ಲಿದ್ದಲು ಗಣಿಯಲ್ಲಿ ಹುಡುಗನಾಗಿದ್ದಾಗಲೇ ದುಡಿದವನು. 1951ರಲ್ಲಿ ಅವನದೇ ಪಕ್ಷದ ಸರಕಾರ ಕನ್ನಡಕಕ್ಕೂ ಕಟ್ಟುಹಲ್ಲಿಗೂ ದುಡ್ಡು ಕೇಳಹೊರಟಾಗ ಮಂತ್ರಿಗಿರಿ ಬಿಸಾಡಿ ಹೊರಬಂದ. ಕನ್ನಡಕಕ್ಕಾಗಿ ಕುರ್ಚಿ ಬಿಟ್ಟ ಮಂತ್ರಿ! ನಮ್ಮ ಕಡೆಯ ನರ್ಸುಗಳು ಇಂದು ಸಂಬಳ ತೆಗೆದುಕೊಳ್ಳುತ್ತಿರುವುದು ಅವನು ಕಟ್ಟಿದ ಈ ಆಸ್ಪತ್ರೆಗಳಲ್ಲಿ. ನೆಂಟರು ಅದನ್ನು ಹೇಳಲಿಲ್ಲ.

ಹಳೆಯ ಮಾತು ಮಾತ್ರ ಅಲ್ಲಿಯೂ ಸಾಯಲಿಲ್ಲ. 2012ರಲ್ಲಿ ಹಣಕಾಸು ಮಂತ್ರಿ ಆಸ್ಬೋರ್ನ್ ತನ್ನ ಪಕ್ಷದ ಸಭೆಯಲ್ಲಿ, ಕತ್ತಲಿರುವಾಗಲೇ ಕೆಲಸಕ್ಕೆ ಹೊರಟವನನ್ನು ಒಂದು ಕಡೆ ನಿಲ್ಲಿಸಿ, ಕಿಟಕಿ ಮುಚ್ಚಿಕೊಂಡು ಸರಕಾರದ ದುಡ್ಡಿನಲ್ಲಿ ಮಲಗಿರುವ ಪಕ್ಕದ ಮನೆಯವನನ್ನು ಇನ್ನೊಂದು ಕಡೆ ತೋರಿಸಿದ. ಮುಚ್ಚಿದ ಕಿಟಕಿಯ ಹಿಂದೆ ಕಾಯಿಲೆಯವನಿದ್ದಾನೋ, ರಾತ್ರಿ ಪಾಳಿ ಮುಗಿಸಿ ಬಂದವನಿದ್ದಾನೋ ಯಾರೂ ಕೇಳಲಿಲ್ಲ. 2017ರ ಏಪ್ರಿಲ್ ನಂತರ ಹುಟ್ಟಿದ ಮೂರನೆಯ ಮಗುವಿಗೆ ಬಡಮನೆಗಳ ಸಹಾಯಧನವಿಲ್ಲ ಎಂಬ ನಿಯಮ ಬಂತು. ಹುಟ್ಟಿದ ಮಗುವಿಗೆ ತಂದೆತಾಯಿಯ ಮೇಲಿನ ಸಿಟ್ಟು! ಅದನ್ನು ತೆಗೆಯುತ್ತೇವೆಂದು ಸರಕಾರ ಹೇಳಲು 2025ರ ನವೆಂಬರದ ಬಜೆಟ್ಟಿನವರೆಗೆ ಕಾಯಬೇಕಾಯಿತು.

ಇನ್ನೊಂದು ಲೆಕ್ಕ ಉಂಟು. ಅದನ್ನು ಆ ದೇಶವೂ ಬಹಳ ಕಾಲ ಗಟ್ಟಿಯಾಗಿ ಓದಲಿಲ್ಲ. 1833ರಲ್ಲಿ ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸುವ ಕಾಯಿದೆ ಮಾಡಿದಾಗ 2 ಕೋಟಿ ಪೌಂಡು ಪರಿಹಾರ ಎತ್ತಿಟ್ಟರು. ಯಾರಿಗೆ? ತಲೆಮಾರುಗಟ್ಟಲೆ ಬಿಟ್ಟಿ ದುಡಿದ ಗುಲಾಮರಿಗಲ್ಲ, ಅವರನ್ನು ದುಡಿಸಿದ ಒಡೆಯರಿಗೆ. ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಈ ದುಡ್ಡು ತಿಂದವರನ್ನು ಯಾರೂ ಕೂತು ತಿಂದವರು ಎನ್ನಲಿಲ್ಲ.

ಆ ಕಾಯಿದೆ ಈಸ್ಟ್ ಇಂಡಿಯಾ ಕಂಪೆನಿಯ ನಾಡಿಗೆ ಅನ್ವಯಿಸಲಿಲ್ಲ. ಇಲ್ಲಿಗೆ 1843ರಲ್ಲಿ ಬೇರೆ ಕಾಯಿದೆ ಬಂತು. ಕಾಗದದಲ್ಲಿ ಬಂತು. ನಮ್ಮ ತುಳುನಾಡಿನಲ್ಲಿ ಮೂಲದಾಳುಗಳು ಮೂಲದಾಳುಗಳಾಗಿಯೇ ಉಳಿದರು. ಗದ್ದೆಯ ಜೊತೆಗೆ ಆಳು, ಆಳಿನ ಜೊತೆಗೆ ಆಳಿನ ಮಕ್ಕಳು. ನಮ್ಮ ಅಜ್ಜಿ ಹೇಳುತ್ತಿದ್ದರು: ನೇಜಿ ನೆಟ್ಟು ಬೆನ್ನು ಬಗ್ಗಿಹೋದ ಮೇಲೆ ಅಂಗಳದಿಂದ ಆಚೆ ಮಣ್ಣಿನಲ್ಲಿ ಗುಂಡಿ ಮಾಡಿ, ಬಾಳೆಲೆ ಇಟ್ಟು, ಮೇಲಿನಿಂದ ಹೊಯ್ದ ಗಂಜಿ ಕುಡಿಯುತ್ತಿದ್ದೆವು ಎಂದು. "ಧಣಿಗಳು ಗಂಜಿ ಕೊಟ್ಟರು" ಎಂದೇ ಹೇಳುತ್ತಿದ್ದರು ಪಾಪ. ಆ ಅಕ್ಕಿ ಬೆಳೆದವರು ಯಾರೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

'ಬಿಟ್ಟಿ' ಎಂಬ ಮಾತಿನ ಹುಟ್ಟು ಇಲ್ಲೇ ಇದೆ, ಗೆಳೆಯರೆ. ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಕೂಲಿ ಕೊಡದೆ ಮಾಡಿಸಿಕೊಂಡ ಚಾಕರಿ. ನಮ್ಮ ಹಿರಿಯರ ಬೆವರಿಗೆ ಇದ್ದ ಹೆಸರನ್ನು ಇಂದು ನಮ್ಮ ತಟ್ಟೆಯ ಅನ್ನಕ್ಕೆ ಇಟ್ಟಿದ್ದಾರೆ. ಕೊಟ್ಟವರು ನಾವು, ತಿಂದವರೂ ನಾವೇ ಎಂದಾಯಿತು!

1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲಿಗೆ ಭೂಮಿ ಬಂತು. ಬರಬೇಕಾದದ್ದೇ, ನಮಗೆ ಹೊಟ್ಟೆಕಿಚ್ಚಿಲ್ಲ. ಡಿಕ್ಲರೇಶನ್ ಕೊಟ್ಟವರು ಒಕ್ಕಲುಗಳು. ಆಳು ಏನೆಂದು ಡಿಕ್ಲರೇಶನ್ ಕೊಡಬೇಕು? ಅವನ ಹತ್ತಿರ ಗೇಣಿ ಚೀಟಿ ಎಲ್ಲಿತ್ತು? ಅವನಿಗೆ ದಕ್ಕಿದ್ದು ಹೆಚ್ಚೆಂದರೆ ಗುಡಿಸಲಿನ ಅಡಿಯ ನಾಲ್ಕೈದು ಸೆಂಟ್ಸು. ಇಂದು ತೋಟಕ್ಕೆ ನೀರು ಹಾಯಿಸುವ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಬಿಲ್ಲಿಲ್ಲ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಹೊರದೇಶದ ಅಡಿಕೆ ಬಂದು ದರ ಬೀಳದಂತೆ 2023ರಲ್ಲಿ ಆಮದಿಗೆ ಕಿಲೊಗೆ 351 ರೂಪಾಯಿಯ ಕನಿಷ್ಠ ದರ ಕಟ್ಟಿದರು. 2019ರಲ್ಲಿ ದೊಡ್ಡ ಕಂಪೆನಿಗಳ ತೆರಿಗೆಯನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿದರು. ರೈತನಿಗೆ ಕೊಟ್ಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಸಣ್ಣದು. ಇವೆಲ್ಲ ಪ್ರೋತ್ಸಾಹ, ನೆರವು, ಅಭಿವೃದ್ಧಿ. ಅಕ್ಕಿ ಮಾತ್ರ ಬಿಟ್ಟಿ. ಹೀಗೆ ಹೆಸರಿಡುವವರು ಯಾರು? ನಾವು ಕೊಳ್ಳುವ ಸಾಬೂನಿನಲ್ಲಿ ತೆರಿಗೆ ಇಲ್ಲವೆ?

ಕುಚ್ಚಲಕ್ಕಿ ಉಣ್ಣುವ ನಾಡು ನಮ್ಮದು. ರೇಷನ್ನಿನಲ್ಲಿ ಹೆಚ್ಚಾಗಿ ಬರುವುದು ಬೆಳ್ತಿಗೆ. ಕುಚ್ಚಲು ಕೊಡಿ ಎಂದರೆ ಗಾದೆ ಹೇಳುತ್ತಾರೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಹೌದು, ಮೊಳ ಹಾಕುತ್ತೇವೆ. ಧರ್ಮಕ್ಕೆ ಸಿಕ್ಕಿದ್ದಾದರೆ ಕೈಮುಗಿದು ಬಾಯಿ ಮುಚ್ಚಬೇಕು. ಹಕ್ಕಿನದ್ದಾದರೆ ಅಳೆದು ತೆಗೆದುಕೊಳ್ಳಬೇಕು. ಪಕ್ಷದವರು ತಮ್ಮ ಫೋಟೋ ಅಂಟಿಸಿ ಅಕ್ಕಿ ಕೊಟ್ಟು, ಋಣ ತೀರಿಸು ಎಂದು ಓಟು ಕೇಳಿದಾಗಲೂ ಇದೇ ಮಾತು. ಅವರಿಗೆ ನಮ್ಮ ಋಣವೇ ಹೊರತು ನಮಗೆ ಅವರದಲ್ಲ.

ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರು 1947ರಲ್ಲಿ ಸಂವಿಧಾನಕ್ಕಾಗಿ ಬರೆದುಕೊಟ್ಟ ಮನವಿಯಲ್ಲಿ ಕೇಳಿದ್ದು ಬರೀ ಅಕ್ಕಿಯನ್ನಲ್ಲ. ಬೇಸಾಯದ ಭೂಮಿ ಸರಕಾರದ್ದಾಗಬೇಕು, ಜಾತಿ ನೋಡದೆ ಊರವರಿಗೆಲ್ಲ ಸಾಗುವಳಿಗೆ ಕೊಡಬೇಕು, ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಜೀವವಿಮೆ ಇರಬೇಕು, ಇದೆಲ್ಲ ಸಂವಿಧಾನದಲ್ಲೇ ಬರೆದಿರಬೇಕು ಎಂದರು. ಯಾವ ಮಂತ್ರಿ ಬಂದರೂ ಅಳಿಸಲಾಗದ ಹಾಗೆ. ಆ ಭಾಗವನ್ನು ದೇಶ ಒಪ್ಪಲಿಲ್ಲ. ಭೂಮಿ ಕೊಡದವರು ಅಕ್ಕಿ ಕೊಟ್ಟರು, ಈಗ ಅಕ್ಕಿಯನ್ನೂ ಹಂಗಿಸುತ್ತಿದ್ದಾರೆ.

ಹುಡುಗನೇ, ನಿನ್ನ ಅಮ್ಮ ಸಾಲಿನಲ್ಲಿ ನಿಂತದ್ದಕ್ಕೆ ನಾಚಬೇಡ. ಅವಳು ಹಳೆಯ ಬಾಕಿಯಲ್ಲಿ ಒಂದು ಹಿಡಿ ವಸೂಲಿ ಮಾಡುತ್ತಿದ್ದಾಳೆ. ದೊಡ್ಡ ಬಾಕಿ ಇನ್ನೂ ಉಂಟು. ನಮ್ಮ ಜಿಲ್ಲೆಯಲ್ಲಿ ಡಿಸಿ ಮನ್ನಾ ಎಂಬ ಜಾಗವಿದೆ. ಡಿಸಿ ಎಂದರೆ ಜಿಲ್ಲಾಧಿಕಾರಿ ಎಂದುಕೊಂಡವರೇ ಹೆಚ್ಚು. ಅದು ಡಿಪ್ರೆಸ್ಡ್ ಕ್ಲಾಸ್, ಅಂದರೆ ನಾವು. ಬ್ರಿಟಿಷರ ಕಾಲದಲ್ಲೇ ನಮಗೆಂದು ಕಾದಿರಿಸಿದ ನೆಲ. ಅದರಲ್ಲಿ ಎಷ್ಟೋ ಭಾಗ ಇಂದು ಉಳ್ಳವರ ಬೇಲಿಯ ಒಳಗಿದೆ. ಅಳೆದು ಹಂಚಿ ಎಂದು ನಮ್ಮವರು ವರ್ಷಗಳಿಂದ ಕಚೇರಿಗಳ ಮುಂದೆ ಧರಣಿ ಕೂತಿದ್ದಾರೆ. ಜನ ಇಲ್ಲ, ಸರ್ವೇಯರ್ ಇಲ್ಲ ಎಂಬ ನೆಪ ಇನ್ನು ಬೇಡ. ಸರಪಳಿ ಹಿಡಿಯಲು ನಾವು ಬರುತ್ತೇವೆ. ಆ ಒಂದು ದಿನದ ಚಾಕರಿಯನ್ನು ಬಿಟ್ಟಿಯಾಗಿಯೇ ಮಾಡಿಕೊಡುತ್ತೇವೆ.