ಕಡಲಿಗೆ ಬೆನ್ನು ಹಾಕಬೇಡಿ!

ನಾನು ತಿಪಟೂರು ಕಡೆಯವನು. ತೆಂಗಿನ ಗರಿ ಸದ್ದು ಗೊತ್ತು, ಅಲೆಯ ಸದ್ದು ಗೊತ್ತಿರಲಿಲ್ಲ. ಕಡಲನ್ನು ಮೊದಲು ಕಂಡದ್ದು ಊರಿನ ಟಾಕೀಸಿನ ಪರದೆ ಮೇಲೆ. ಆ ಕಡೆಯಿಂದ ನಾಯಕ ಓಡಿ ಬರ್ತಾನೆ, ಈ ಕಡೆಯಿಂದ ನಾಯಕಿ ಓಡಿ ಬರ್ತಾಳೆ, ಅಲೆ ಬಂದು ಇಬ್ಬರ ಕಾಲನ್ನೂ ಮೆಲ್ಲಗೆ ತೊಳೆದು ಹೋಗುತ್ತೆ. ಕಡಲು ಅಂದ್ರೆ ಇಷ್ಟೇ ಅಂದುಕೊಂಡಿದ್ದೆ. ಅದಕ್ಕೆ ಕೊಟ್ಟ ಬೆಲೆ ಎಷ್ಟು ಅನ್ನೋದನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡ್ತೀನಿ.

2016ರ ಜುಲೈ. ಪಿಯುಸಿಯಲ್ಲಿ ಡುಮ್ಕಿ ಹೊಡೆದಿದ್ದೆ. ಟ್ಯುಟೋರಿಯಲ್ಲಿಗೆ ಕಟ್ಟು ಅಂತ ಅಪ್ಪ ದುಡ್ಡು ಕೊಟ್ಟರು. ಜೊತೆಗೆ ತಮ್ಮ ಕೈಯಲ್ಲಿದ್ದ ಎಚ್.ಎಂ.ಟಿ. ವಾಚನ್ನೂ ಬಿಚ್ಚಿ ಕೊಟ್ಟು, "ಟೈಮಿಗೆ ಸರಿಯಾಗಿ ಕ್ಲಾಸಿಗೆ ಹೋಗು" ಅಂದರು. ನಾನು ಹೋದದ್ದು ಹಾಸನದ ಬಸ್ ಸ್ಟ್ಯಾಂಡಿಗೆ! ಮಂಗಳೂರು ಹತ್ತಿರ ಸೋಮೇಶ್ವರದ ಬೀಚಿನಲ್ಲಿ ಶೂಟಿಂಗ್ ನಡೀತಿದೆ ಅಂತ ಗೆಳೆಯನೊಬ್ಬ ಸುದ್ದಿ ತಂದಿದ್ದ. ರಾತ್ರಿ ಬಸ್ಸು, ಶಿರಾಡಿ ಘಾಟಿ, ಧೋ ಎಂದು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಶೂಟಿಂಗೂ ಇಲ್ಲ, ಗೀಟಿಂಗೂ ಇಲ್ಲ. ಬರೀ ಕಡಲು.

ಬಂದದ್ದಕ್ಕೆ ನಾವೇ ಹೀರೋ ಆಗೋಣ ಅಂತ ನೀರಿಗಿಳಿದೆವು. ಗೆಳೆಯ ದಡದಲ್ಲಿ ನಿಂತು ಫೋಟೋ ತೆಗೀತಿದ್ದ. ನಾನು ಮೊಣಕಾಲುದ್ದ ನೀರಲ್ಲಿ, ಕಡಲಿಗೆ ಬೆನ್ನು ಹಾಕಿ, ಕೈ ಅಗಲಿಸಿ ಪೋಸು ಕೊಡುತ್ತಿದ್ದೆ. ಹಿಂದಿನಿಂದ ಬಂದ ಅಲೆ ಹೊಡೆದು ಕೆಡವಿತು. ಕೆಡವಿದ್ದು ದೊಡ್ಡದಲ್ಲ, ವಾಪಸು ಹೋಗುವಾಗ ಕಾಲಡಿಯ ಮರಳಿನ ಸಮೇತ ನನ್ನನ್ನು ಎಳೆದುಕೊಂಡು ಹೋಯಿತು ನೋಡಿ, ಅದು ದೊಡ್ಡದು. ಮೂಗು, ಬಾಯಿ, ಕಣ್ಣು ತುಂಬ ಉಪ್ಪು. ಮೀನುಗಾರರಿಬ್ಬರು ಹಗ್ಗ ಎಸೆದು ಎಳೆದು ಹಾಕಿದರು. ಒಬ್ಬರು ಕೆನ್ನೆಗೊಂದು ಬಿಟ್ಟು, "ಎಂಥ ಮಾರಾಯ, ಮನೆಯಲ್ಲಿ ಅಪ್ಪ ಅಮ್ಮ ಇಲ್ವಾ ನಿಂಗೆ?" ಅಂದರು. ಆಮೇಲೆ ತಾವೇ ಚಾ ಕುಡಿಸಿದರು. ಅವರ ಹೆಸರು ಕೇಳುವ ಬುದ್ಧಿಯೂ ನನಗೆ ಬರಲಿಲ್ಲ.

ವಾಚು ನಿಂತುಹೋಗಿತ್ತು. "ಮಳೆಯಲ್ಲಿ ನೆಂದಿತು" ಅಂತ ಮನೆಯಲ್ಲಿ ಸುಳ್ಳು ಹೇಳಿದೆ. ಅಪ್ಪ ವಾಚನ್ನು ಜೇಬಿಗೆ ಹಾಕಿಕೊಂಡರು, ಮಾತಾಡಲಿಲ್ಲ. ಕಾಲೇಜಿನ ಕಡೆ ನಾನು ಮತ್ತೆ ತಲೆ ಹಾಕಲಿಲ್ಲ. ಪತ್ರಿಕೆಗಳಿಗೆ ಬರೆಯತೊಡಗಿದೆ. ಅಪ್ಪ ಮಗನ ನಡುವೆ "ಊಟ ಆಯ್ತಾ" ಅನ್ನುವುದರ ಆಚೆಗೆ ಮಾತೇ ಉಳಿಯಲಿಲ್ಲ.

ಈಗ ನನಗೆ ಇಪ್ಪತ್ತೆಂಟು. ಕಳೆದ ಡಿಸೆಂಬರಿನಲ್ಲಿ ಅಪ್ಪ ಇದ್ದಕ್ಕಿದ್ದಂತೆ, "ನಾನು ಸಮುದ್ರ ನೋಡಿಲ್ಲ ಕಣೋ" ಅಂದರು. ಅರವತ್ತು ದಾಟಿದ ಮನುಷ್ಯ! ಮರುವಾರವೇ ಹೊರಟೆವು.

ಬೆಳಿಗ್ಗೆ ಇಳಿದು, ಬನ್ಸ್ ತಿಂದು, ಸಿಟಿ ಬಸ್ ಹತ್ತಿದೆವು. ಮಂಗಳೂರಿನ ಖಾಸಗಿ ಬಸ್ಸೇ ಒಂದು ಸಿನಿಮಾ ಸ್ವಾಮಿ! ಕಂಡಕ್ಟರ್ ಬಾಗಿಲಲ್ಲಿ ಜೋತಾಡುತ್ತಾ "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್, ಬಲೆ ಬಲೆ" ಅಂತ ಕೂಗುವುದು, ಸೀಟಿ ಊದುವುದು, ಯಾವ ಫೈಟ್ ಮಾಸ್ಟರೂ ಹೇಳಿಕೊಟ್ಟದ್ದಲ್ಲ. ಜ್ಯೋತಿ ಅನ್ನುವ ಸ್ಟಾಪು ಬಂದಾಗ ನನ್ನ ಎದೆ ಚುರ್ ಅಂತು. ಜ್ಯೋತಿ ಟಾಕೀಸು ಮುಚ್ಚಿದೆ, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಅಂದ ಹಾಗೆ, ತುಳುವಿನ ಮೊದಲ ಚಿತ್ರ 'ಎನ್ನ ತಂಗಡಿ' ತೆರೆ ಕಂಡದ್ದು 1971ರಲ್ಲಿ. 'ಕಾಂತಾರ' 2022ರಲ್ಲಿ ದೇಶವೆಲ್ಲ ಸುತ್ತುವುದಕ್ಕೆ ಐವತ್ತು ವರ್ಷ ಮೊದಲೇ ಈ ಮಣ್ಣಿನ ಜನ ಸಿನಿಮಾ ಮಾಡಲು ಹೊರಟಿದ್ದರು.

ಮೊದಲು ಬಾವುಟಗುಡ್ಡೆ. ಅಲ್ಲಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡದೆ ಬರಬೇಡಿ. ಗೋಡೆ, ಛಾವಣಿ ಎಲ್ಲ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಪಾದ್ರಿ ಬಳಗದ ಕಲಾವಿದ 1899ರಲ್ಲಿ ಕೆಲಸ ಶುರು ಮಾಡಿ ಸುಮಾರು ಎರಡು ವರ್ಷ ಕುಂಚ ಹಿಡಿದು ನಿಂತಿದ್ದ. ಅಪ್ಪ ಕತ್ತೆತ್ತಿ ನೋಡಿ ನೋಡಿ, "ಕತ್ತು ನೋವಾಗಲಿಲ್ವೇನೋ ಅವನಿಗೆ?" ಅಂದರು.

ಬಲ್ಮಠದ ಕಡೆ ನಡೆಯುವಾಗ ನನ್ನ ಸರದಿ ಬಂತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ. ಇದನ್ನು ಹೇಳಿದಾಗ ಅಪ್ಪ, "ಹಾಗಾದ್ರೆ ನಿನ್ನ ಕಸುಬು ಹುಟ್ಟಿದ ಊರು ಅನ್ನು" ಅಂದರು. ನನ್ನದೂ ಒಂದು ಕಸುಬು ಅಂತ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು!

ಕದ್ರಿ ಮಂಜುನಾಥನ ಗುಡಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇದೆ. ಅಳುಪರ ಕುಂದವರ್ಮ ಪ್ರತಿಷ್ಠಾಪಿಸಿದ್ದು, ಶಾಸನದ ಕಾಲ ಕ್ರಿ.ಶ. 968. ಸಾವಿರ ವರ್ಷ ದಾಟಿದ ಮುಖ, ಒಂದು ಗೆರೆಯೂ ಬಾಡಿಲ್ಲ. ಸಂಜೆ ಸುಲ್ತಾನ್ ಬತ್ತೇರಿ. ಗುರುಪುರ ನದಿ ದಡದಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಅದು. ಅಲ್ಲಿಂದ ದೋಣಿಯಲ್ಲಿ ದಾಟಿ ತಣ್ಣೀರುಬಾವಿ ಬೀಚಿಗೆ ಹೋದೆವು. ಅಪ್ಪ ಮೊದಲ ಸಲ ಕಡಲು ಕಂಡರು. ಏನೂ ಹೇಳಲಿಲ್ಲ. ಸೂರ್ಯ ಮುಳುಗಿ ಕತ್ತಲಾಗುವ ತನಕ ಮರಳಿನಲ್ಲಿ ಕೂತಿದ್ದರು.

ರಾತ್ರಿ ಊರಾಚೆ ಗದ್ದೆಯಲ್ಲಿ ಯಕ್ಷಗಾನ. ಗೆಳೆಯರೇ, ಹೀರೋ ಎಂಟ್ರಿಗೆ ಶಿಳ್ಳೆ ಹೊಡೆಯುವವರು ನಾವು. ಒಮ್ಮೆ ಬಣ್ಣದ ವೇಷದ ಪ್ರವೇಶ ನೋಡಿ! ಕತ್ತಲಿನಲ್ಲಿ ದೊಂದಿ ಬೆಂಕಿ ಉರಿಯುತ್ತೆ, ಚೆಂಡೆ ಏರುತ್ತೆ, ಜನರ ಹಿಂದಿನಿಂದ ಅಟ್ಟಹಾಸ ಕೇಳುತ್ತೆ. ಕಟೌಟಿಲ್ಲ, ಸ್ಲೋ ಮೋಶನ್ ಇಲ್ಲ, ರೋಮ ನಿಲ್ಲುತ್ತೆ. ನವೆಂಬರಿನಿಂದ ಮೇ ತನಕ ಮೇಳಗಳ ತಿರುಗಾಟ. ಟೆಂಟಿಲ್ಲದ ಬಯಲಾಟಕ್ಕೆ ಟಿಕೆಟ್ಟೂ ಇಲ್ಲ. ಅಪ್ಪ ರಾಕ್ಷಸನಿಗೆ ಚಪ್ಪಾಳೆ ತಟ್ಟಿದ್ದನ್ನು ನಾನು ವೇಷ ಬಿಟ್ಟು ನೋಡುತ್ತಾ ಕೂತೆ.

ಮರುದಿನ ಎಲ್ಲಿಗೆ? ಮೂಡುಬಿದಿರೆ ಇದೆ, 1430ರ ಸಾವಿರ ಕಂಬದ ಬಸದಿ. ಕಾರ್ಕಳ ಇದೆ, 1432ರ ಬಾಹುಬಲಿ, 42 ಅಡಿ. ಬೇಕಾದ್ದು ಆರಿಸಿ ಅಂದೆ. ಅಪ್ಪ, "ಸೋಮೇಶ್ವರ" ಅಂದರು. ನನ್ನ ಗಂಟಲು ಒಣಗಿತು.

ಉಳ್ಳಾಲ ದಾಟಿ ಹೋಗಬೇಕು. 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಬಗ್ಗದ ರಾಣಿ ಅಬ್ಬಕ್ಕನ ನೆಲ. ಕಡಲಂಚಿನಲ್ಲಿ ಸೋಮನಾಥನ ಗುಡಿ, ಕೆಳಗೆ ರುದ್ರಪಾದೆಯ ಬಂಡೆಗಳು, ಅವಕ್ಕೆ ಬಡಿದು ಆಳೆತ್ತರ ಹಾರುವ ನೀರು. ನಾನು ದೂರದಲ್ಲೇ ನಿಂತೆ. ಅಪ್ಪ ಪಂಚೆ ಎತ್ತಿ ಕಟ್ಟಿ, ದಡಕ್ಕೆ ಬಂದ ನೊರೆಯಲ್ಲಿ ಬೆರಳದ್ದಿ ನಾಲಿಗೆಗಿಟ್ಟರು.

"ವಾಚಿನೊಳಗೂ ಇದೇ ಇತ್ತಂತೆ ಕಣೋ."

ನಾನು ಕಲ್ಲಾದೆ.

"ರಿಪೇರಿಯವನು ಬಿಚ್ಚಿ ನೋಡಿ ಹೇಳಿದ, ಯಜಮಾನ್ರೇ, ಮಳೆ ನೀರಲ್ಲ, ಉಪ್ಪು ನೀರು ಅಂತ. ನಿನ್ನ ಗೆಳೆಯನನ್ನು ಹಿಡಿದು ಕೇಳಿದೆ, ಎಲ್ಲ ಹೇಳಿದ."

"ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ?"

"ನೀನು ವಾಪಸು ಬಂದಿದ್ದೆಯಲ್ಲ. ಇನ್ನೇನು ಕೇಳೋದು?"

ಅಷ್ಟೇ ಮಾತು. ಆಮೇಲೆ ಇಬ್ಬರೂ ಗೋಳಿಬಜೆ ತಿಂದೆವು. ಪೇಟೆಗೆ ಬಂದು ಎತ್ತರದ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿಂದೆವು. ಬಿಲ್ಲು ನಾನೇ ಕೊಟ್ಟೆ, ಅಪ್ಪ ಬೇಡ ಅನ್ನಲಿಲ್ಲ.

ಮಂಗಳೂರಿಗೆ ಹೊರಟಿರುವ ಗೆಳೆಯರೇ, ಒಂದು ಮಾತು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ, ನೀವ್ಯಾಕೆ ಇಳೀತೀರಿ? ಮಳೆಗಾಲದಲ್ಲಿ ದೂರದಿಂದ ನೋಡಿ, ಅದೂ ಚೆಂದವೇ. ಉಳಿದ ಕಾಲದಲ್ಲಿ ನೀರಿಗಿಳಿಯುವ ಆಸೆಯಿದ್ದರೆ ಜೀವರಕ್ಷಕರಿರುವ ಪಣಂಬೂರಿಗೆ ಹೋಗಿ, ಅವರು ಸೀಟಿ ಊದಿದ ಕೂಡಲೇ ಮೇಲೆ ಬನ್ನಿ. ಬಂಡೆಗಳ ಹತ್ತಿರ ಹೀರೋಗಿರಿ ಬೇಡ. ಪರದೆಯ ಮೇಲಿನ ಅಲೆಗೆ 'ಕಟ್' ಹೇಳುವ ನಿರ್ದೇಶಕ ಇರ್ತಾನೆ, ಇಲ್ಲಿ ಯಾರೂ ಇಲ್ಲ.

ಮತ್ತೆ, ಮನೆಯಲ್ಲಿ ಹೇಳಿ ಹೊರಡಿ. ಅಪ್ಪನ ವಾಚು ಕಟ್ಟಿದ್ದರೆ ಬಿಚ್ಚಿಟ್ಟು ಹೋಗಿ.