ಮಂಡಪಂ ತೀರದಲ್ಲಿ ಕಲಿತ ಪಾಠ

ರಾಮೇಶ್ವರಕ್ಕೆ ಹೋಗುವ ಯಾತ್ರಿಕರ ದೃಷ್ಟಿಯೆಲ್ಲವೂ ಪಾಂಬನ್ ಸೇತುವೆಯ ಮೇಲೆಯೇ ನೆಟ್ಟಿರುವುದು ಸಹಜವು. ೧೯೧೪ರಲ್ಲಿ ತೆರೆದ ಹಳೆಯ ಸೇತುವೆಯ ಪಕ್ಕದಲ್ಲಿ ೨೦೨೫ರ ಏಪ್ರಿಲಿನಲ್ಲಿ ಹೊಸದು ತೆರೆಯಿತು. ರೈಲುಬಂಡಿಯು ಕಡಲ ಮೇಲೆ ಸಾಗುವ ಆ ಕೆಲವು ನಿಮಿಷಗಳಿಗಾಗಿ ಜನರು ಕಿಟಕಿಗಳಿಗೆ ಮುತ್ತುವರು. ಅದಕ್ಕೆ ಮೊದಲು, ನೆಲವು ಮುಗಿಯುವ ಅಂಚಿನಲ್ಲಿ, ಮಂಡಪಂ ಎಂಬ ಸಣ್ಣ ಊರೊಂದಿದೆ. ಅಲ್ಲಿ ಇಳಿಯುವ ಯಾತ್ರಿಕರು ವಿರಳ. ಕಳೆದ ಮಾಘಮಾಸದಲ್ಲಿ ನಾವು ಇಳಿದೆವು. ಪುಣ್ಯಾರ್ಜನೆ ಅದಕ್ಕೆ ಕಾರಣವಲ್ಲ. ಮನೆಯಲ್ಲಿ ನಮ್ಮಿಂದಲೇ ನಡೆದ ಒಂದು ತಪ್ಪಿನ ಮೂಲವನ್ನು ತಿಳಿಯಬೇಕೆಂಬ ಹಂಬಲವೇ ಕಾರಣ.

ಸಂಗತಿ ಇಷ್ಟೆ. ನಮ್ಮ ಮಗನು ತನ್ನ ಎಂಟು ವರ್ಷದ ಮಗಳಿಗಾಗಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದನ್ನು ಮನೆಯಲ್ಲಿ ಅಣಿಮಾಡಿಸಿದ್ದನು. ಮಗುವಿಗೆ ಬೇಕಾದುದು ಕ್ಲೌನ್ ಮೀನು, ಎಂದರೆ ವಿದೂಷಕ ಮೀನು: ಕಿತ್ತಿಳೆಯ ಮೈ, ಅದರ ಮೇಲೆ ಮೂರು ಬಿಳಿಯ ಪಟ್ಟೆ. ಆರಿಸುವ ಅಧಿಕಾರವನ್ನು ನಮಗೆ ವಹಿಸಿದರು. ಅಂಗಡಿಯಲ್ಲಿ ದೊಡ್ಡದೊಂದು, ಚಿಕ್ಕದೊಂದು, ಹೀಗೆ ಜೋಡಿಯೊಂದಿದ್ದಿತು. ಪಟ್ಟೆಗಳು ಪಳಗಿದ ಕೈ ಎಳೆದ ರಂಗವಲ್ಲಿಯ ಗೆರೆಗಳಂತೆ ನಿರ್ದುಷ್ಟವಾಗಿದ್ದುವು. ಮತ್ತೊಂದು ತೊಟ್ಟಿಯಲ್ಲಿದ್ದ ಕಿರುಮೀನುಗಳ ಪಟ್ಟೆಗಳಾದರೋ ಕೆಲವು ನಡುವೆಯೇ ನಿಂತುಹೋಗಿದ್ದುವು, ಕೆಲವು ತುಂಡಾಗಿದ್ದುವು. ಮೂವತ್ತು ವರ್ಷ ಹುಡುಗರ ಕಾಪಿಪುಸ್ತಕಗಳನ್ನು ತಿದ್ದಿದ ಕಣ್ಣು ನಮ್ಮದು. ಅವನ್ನು ದೋಷಯುಕ್ತವೆಂದು ತಳ್ಳಿ ಜೋಡಿಯನ್ನೇ ಕೊಂಡೆವು. “ಸಾಕಿದ ಮೀನೇ, ಸ್ವಾಮಿ” ಎಂದು ವರ್ತಕನು ಹೇಳಿದುದೂ ಉಂಟು.

ಮನೆಗೆ ಬಂದ ಮೀನುಗಳು ಕಲ್ಲಿನ ಮರೆಯನ್ನು ಬಿಟ್ಟು ಬರಲಿಲ್ಲ. ಹಾಕಿದ ಒಣಗುಳಿಗೆಗಳನ್ನು ಮೂಸಲೂ ಇಲ್ಲ. ಐದನೆಯ ದಿನ ಮೈಮೇಲೆ ಬಿಳಿಯ ಲೋಳೆ ಕಾಣಿಸಿತು, ಉಸಿರು ತೀವ್ರವಾಯಿತು. ಒಂಬತ್ತನೆಯ ದಿನ ಎರಡೂ ಇರಲಿಲ್ಲ. “ತಾತಾ, ನೀವೇ ಅಲ್ಲವೆ ಆರಿಸಿದ್ದು?” ಎಂದು ಮಗು ಕೇಳಿತು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವು ದೊರೆತುದು ಮಂಡಪಂನಲ್ಲಿ. ದಕ್ಷಿಣಕ್ಕೆ ಮನ್ನಾರ್ ಖಾರಿ, ಉತ್ತರಕ್ಕೆ ಪಾಕ್ ಕೊಲ್ಲಿ. ನಡುವೆ ತಾಳೆಮರಗಳೂ ಮರಳೂ ತುಂಬಿದ ನೆಲದ ನಾಲಗೆ. ೧೯೪೭ರಲ್ಲಿ ಹುಟ್ಟಿದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನ ಸಂಸ್ಥೆಯ ಮುಖ್ಯ ಕಚೇರಿ ಬಹುಕಾಲ ಇಲ್ಲಿದ್ದಿತು. ಅದು ಕೊಚ್ಚಿಗೆ ಹೋದ ಮೇಲೆಯೂ ಪ್ರಾದೇಶಿಕ ಕೇಂದ್ರವು ಇಲ್ಲಿಯೇ ಉಳಿದಿದೆ. ವಿದೂಷಕ ಮೀನಿನ ಹಲವು ಜಾತಿಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಈ ಸಂಸ್ಥೆಯವರು ಸಾಧಿಸಿರುವರು. ಅನುಮತಿ ಪಡೆದು ನಾವು ಒಳಹೊಕ್ಕೆವು.

ಒಂದು ತೊಟ್ಟಿಯಲ್ಲಿ ದಂಪತಿಗಳಿದ್ದುವು. ಹೆಂಚಿನ ತುಂಡಿನ ಮೇಲೆ ಕಿತ್ತಿಳೆಯ ಮೊಟ್ಟೆಗಳು ಒತ್ತಾಗಿ ಅಂಟಿದ್ದುವು. ಗಂಡು ಮೀನು ತನ್ನ ರೆಕ್ಕೆಯಿಂದ ಅವಕ್ಕೆ ಬೀಸಣಿಗೆ ಹಾಕುತ್ತಿದ್ದಿತು. ಸುಮಾರು ಒಂದು ವಾರ ಕಳೆದು, ಕತ್ತಲಾದ ಮೇಲೆ ಮೊಟ್ಟೆಗಳು ಒಡೆಯುವುವು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಮರಿಗಳಿಗೆ ಮೊದಲು ಉಣಿಸಬೇಕು. ಎರಡು ವಾರಗಳ ಹೊತ್ತಿಗೆ ತಲೆಯ ಪಟ್ಟೆಯೂ ಮೈಯ ಪಟ್ಟೆಯೂ ಮೂಡತೊಡಗುವುವು. ಬಾಲದ ಪಟ್ಟೆ ಕಡೆಗೆ. ಮರಿಗಳ ಇಕ್ಕಟ್ಟು, ಆಹಾರದ ಕೊರತೆ ಮೊದಲಾದ ಕಾರಣಗಳಿಂದ ಪಟ್ಟೆಗಳು ಅರ್ಧಕ್ಕೆ ನಿಲ್ಲುವುದೂ ಉಂಟೆಂದು ಅಲ್ಲಿನವರು ಹೇಳಿದರು. ನಾವು ಮರಿಗಳ ತೊಟ್ಟಿಯ ಮೇಲೆ ಬಾಗಿದೆವು. ನಮ್ಮ ನೆರಳು ಬಿದ್ದುದೇ ತಡ, ನೂರಾರು ಮರಿಗಳು, ಎಲ್ಲವೂ ಒಂದೇ ಅಳತೆಯವು, ಗಂಟೆ ಹೊಡೆದೊಡನೆ ಓಡಿಬರುವ ಮಕ್ಕಳಂತೆ ಮೇಲಕ್ಕೆ ನುಗ್ಗಿ ಬಂದುವು. ಅವುಗಳಲ್ಲಿ ಮುರಿದ ಪಟ್ಟೆಯವು ಹಲವು. ಅಂಗಡಿಯಲ್ಲಿ ನಾವು ತಳ್ಳಿದುದು ಇಂಥವನ್ನೇ!

ಮನೆಯಲ್ಲಿ ಮೀನನ್ನಿಡಬಯಸುವ ವಾಚಕರಿಗಾಗಿ ಪರೀಕ್ಷಾಕ್ರಮವನ್ನು ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿಯೇ ಹೇಳುವೆವು. ಪ್ರಮಾಣಗಳು ಮೂರು.

ಮೊದಲನೆಯದು ಪ್ರತ್ಯಕ್ಷ. ಮುರಿದ, ಸೊಟ್ಟಾದ, ಹೆಚ್ಚು ಬಿಳುಪು ಹರಡಿದ ಪಟ್ಟೆ. ಕೊಂಚ ಮೊಂಡಾದ ಮೂತಿ. ಕಿವಿರಿನ ಮುಚ್ಚಳ ಕಿರಿದಾಗಿರುವುದು: ಇವು ಸಾಮಾನ್ಯವಾಗಿ ತೊಟ್ಟಿಯಲ್ಲಿ ಹುಟ್ಟಿದುದರ ಗುರುತು. ಚಿಕ್ಕದಾಗಿ, ಸಮವಯಸ್ಕವಾಗಿ, ಒಂದೇ ತೊಟ್ಟಿಯಲ್ಲಿ ಗುಂಪಾಗಿ ಇರುವುದೂ ಹಾಗೆಯೇ. ದೊಡ್ಡದೊಂದು ಚಿಕ್ಕದೊಂದು ಜೋಡಿಯಾಗಿ, ಹರಿದ ರೆಕ್ಕೆಯೊಡನೆ ಇದ್ದರೆ ಕಡಲಿನಿಂದ ಹಿಡಿದುದೆಂದು ಶಂಕಿಸಬೇಕು.

ಎರಡನೆಯದು ಅನುಮಾನ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ನಡತೆಯಿಂದ ಹುಟ್ಟನ್ನು ಊಹಿಸಬೇಕು. ಸಾಕಿದ ಮೀನು ಮನುಷ್ಯನ ಕಡೆಗೆ ಬರುವುದು, ಒಣಗುಳಿಗೆಯನ್ನು ತಿನ್ನುವುದು. ಕಡಲಿನ ಮೀನು ಮರೆಯನ್ನು ಹುಡುಕುವುದು, ಅಪರಿಚಿತ ಆಹಾರವನ್ನು ಮುಟ್ಟದು. ಲೋಳೆ, ಏದುಸಿರು ಕಂಡರೆ ರೋಗವೆಂದು ತಿಳಿದು ಆ ತೊಟ್ಟಿಯ ಯಾವ ಮೀನನ್ನೂ ಕೊಳ್ಳಕೂಡದು.

ಮೂರನೆಯದು ಶಬ್ದ, ಎಂದರೆ ವರ್ತಕನ ಮಾತು. ಹೇಳುವವನು ಆಪ್ತನಾದರೆ ಮಾತ್ರ ಅದು ಪ್ರಮಾಣ. ಯಾವ ಮರಿಕೇಂದ್ರದಿಂದ, ಎಂದು ತರಿಸಿದುದೆಂದು ಕೇಳಬೇಕು. “ನಮ್ಮ ಕಣ್ಣೆದುರಿಗೆ ತಿನ್ನಿಸಿ” ಎನ್ನಬೇಕು.

ಆದರೆ ಈ ಹೇತುಗಳಲ್ಲಿ ಒಂದೊಂದೂ ಬಿಡಿಯಾಗಿ ವ್ಯಭಿಚರಿಸುವುದು. ಸಾಕಿದ ಮೀನಿನಲ್ಲಿ ನಿರ್ದುಷ್ಟವಾದ ಪಟ್ಟೆಯವೂ ಬಹಳ. ಕಡಲಿನ ಮೀನೂ ತಿಂಗಳುಗಟ್ಟಲೆ ತೊಟ್ಟಿಯಲ್ಲಿದ್ದರೆ ಗುಳಿಗೆ ತಿನ್ನಲು ಕಲಿಯುವುದು. ಮೂರೂ ಒಂದೇ ಕಡೆಗೆ ಕೈತೋರಿದಾಗಲೇ ನಂಬತಕ್ಕದ್ದು.

ಇಷ್ಟು ಪರೀಕ್ಷೆ ಏಕೆಂದರೆ, ಕಡಲಿನಲ್ಲಿ ಈ ಮೀನು ಒಂಟಿಯಲ್ಲ, ಸಂಸಾರಿ. ಅನಿಮೊನಿ ಎಂಬ ಕಡಲಹೂವಿನ ವಿಷದ ಎಳೆಗಳ ನಡುವೆ ಅದರ ಮನೆ. ಮನೆಯೊಡತಿಯೇ ಎಲ್ಲಕ್ಕಿಂತ ದೊಡ್ಡವಳು. ಆಕೆ ಹೋದರೆ ಅವಳ ಗಂಡನೇ ಕಾಲಕ್ರಮದಲ್ಲಿ ಹೆಣ್ಣಾಗಿ ಆ ಸ್ಥಾನಕ್ಕೆ ಬರುವನು! ಜೋಡಿಯನ್ನೇ ಎತ್ತಿದರೆ ಆ ಸಂಸಾರದ ಮೊಟ್ಟೆಗಳನ್ನು ಕಾಯುವವರಿಲ್ಲ. ಆಗ್ನೇಯ ಏಷ್ಯದ ಕೆಲವು ಕಡಲುಗಳಲ್ಲಿ ಸಯನೈಡ್ ಎರಚಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುವುದೂ ಉಂಟು; ಅದರಿಂದ ಹವಳವೂ ಸಾಯುವುದು. ಮಂಡಪಂನ ದಕ್ಷಿಣದ ಕಡಲಿನಲ್ಲಿ ೨೧ ದ್ವೀಪಗಳನ್ನು ೧೯೮೬ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿ ರಕ್ಷಿಸಿರುವುದು ಇಂಥ ಕಡಲಜೀವಿಗಳಿಗಾಗಿಯೇ. ಸಂಜೆ ಆ ತೀರದಲ್ಲಿ ಕುಳಿತಾಗ, ನಾವು ಹಣ ತೆತ್ತು ಯಾವುದೋ ಮನೆಯೊಂದನ್ನು ಬರಿದುಮಾಡಿದೆವೆಂಬುದು ಮನಸ್ಸಿಗೆ ನಾಟಿತು. ಕೋಶಕಾರರು ಅನಿಮಿಷವೆಂಬ ಶಬ್ದವನ್ನು ದೇವತೆಗೂ ಮೀನಿಗೂ ಹೇಳಿರುವರು. ಇಬ್ಬರಿಗೂ ರೆಪ್ಪೆ ಮುಚ್ಚುವುದಿಲ್ಲ. ನೋಡಿಯೂ ಕಾಣದ ಕಣ್ಣು ನಮ್ಮದಾಗಿದ್ದಿತು.

ಊರಿಗೆ ಮರಳಿದ ಮೇಲೆ ಮಗುವನ್ನೇ ಅಂಗಡಿಗೆ ಕರೆದೊಯ್ದೆವು. ಮಗು ವರ್ತಕನಿಂದ ಗುಳಿಗೆ ಹಾಕಿಸಿತು. ಮೇಲೆ ಬಂದು ತಿಂದವುಗಳಲ್ಲಿ ಸಮನಾದ ಎರಡು ಕಿರುಮೀನುಗಳನ್ನು ತೋರಿಸಿತು. ಒಂದರ ನಡುಪಟ್ಟೆ ಅರ್ಧಕ್ಕೇ ನಿಂತಿದ್ದಿತು.

“ಇದರ ಪಟ್ಟೆ ಪೂರ್ತಿಯಾಗಿಲ್ಲವಲ್ಲ, ಮಗು?” ಎಂದು ಪರೀಕ್ಷೆಗಾಗಿ ಕೇಳಿದೆವು.

“ಪೂರ್ತಿಯಾಗಿರುವುದನ್ನು ನೀವು ಆರಿಸಿದ್ದಿರಿ, ತಾತಾ” ಎಂದಿತು ಮಗು.

ಆ ಎರಡು ಮೀನುಗಳೂ ಇಂದು ಚೆನ್ನಾಗಿವೆ. ಬೆಳಗ್ಗೆ ಮಗುವಿನ ಕೈ ಕಂಡೊಡನೆ ಗಾಜಿನ ಬಳಿಗೆ ಬರುವುವು, ಅರ್ಧಪಟ್ಟೆಯದೇ ಮುಂದು.